ಗೊಂಬೆ ರಿಪೇರಿಗೆ ಯಾವ ಅಂಟು? ಪೆಟ್ಟಿಗೆ ಇಳಿಸುವ ಮೊದಲು ಓದಿ

ಗಣಪತಿ ಹಬ್ಬ ಮುಗಿದ ಮೇಲಿನ ಮೊದಲ ಭಾನುವಾರ ನಮ್ಮ ಮನೆಯಲ್ಲಿ ಅಟ್ಟದಿಂದ ಗೊಂಬೆ ಪೆಟ್ಟಿಗೆ ಇಳಿಯುತ್ತದೆ. ನವರಾತ್ರಿಗೆ ಇನ್ನೂ ಮೂರು ವಾರ ಇರುತ್ತದೆ, ಇಷ್ಟು ಬೇಗ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕಾರಣ ಒಂದೇ. ಪ್ರತಿ ವರ್ಷ ಏನಾದರೂ ಒಂದು ಮುರಿದಿರುತ್ತದೆ. ಹಳೇ ಪಂಚೆಯಲ್ಲಿ ಎಷ್ಟೇ ಜೋಪಾನವಾಗಿ ಸುತ್ತಿಟ್ಟರೂ ಕೃಷ್ಣನ ಕೊಳಲು ಹಿಡಿದ ಕೈ, ಶೆಟ್ಟಿ ಅಂಗಡಿಯ ತಕ್ಕಡಿ, ಆನೆಯ ದಂತ, ಇವುಗಳಲ್ಲಿ ಒಂದಾದರೂ ಕಳಚಿಕೊಂಡಿರುತ್ತದೆ. ಅಂಟಿಸಬೇಕು. ಅಂಟು ಸರಿಯಾಗಿ ಕೂರಬೇಕೆಂದರೆ ಅದಕ್ಕೆ ದಿನ ಬೇಕು.

ಮದುವೆಯಾದ ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಅತ್ತೆಯವರ ಮಣ್ಣಿನ ಸರಸ್ವತಿಯ ವೀಣೆ ಎರಡು ತುಂಡಾಗಿತ್ತು. ಗೊಂಬೆ ಕೂರಿಸುವ ಹಿಂದಿನ ಸಂಜೆ ಬೀದಿ ಕೊನೆಯ ಅಂಗಡಿಯಿಂದ ಒಂದು ಪುಟ್ಟ ಸೂಪರ್ ಗ್ಲೂ ಟ್ಯೂಬು ತಂದು ಹಚ್ಚಿದೆ. ಮಣ್ಣು ಅಂಟನ್ನೆಲ್ಲ ಕುಡಿದುಬಿಟ್ಟಿತು. ಇನ್ನೊಂದಿಷ್ಟು ಹಾಕಿದೆ. ಅದು ಹೊರಗೆ ಹರಿದು ಕಪ್ಪು ಜಡೆಯ ಮೇಲೆ ಬಿಳಿ ಮಂಜಿನ ಹಾಗೆ ಕೂತಿತು, ಒರೆಸಿದರೆ ಬಣ್ಣ ಬಂತು, ವೀಣೆ ಮಾತ್ರ ಮೂರನೇ ದಿನಕ್ಕೆ ಮತ್ತೆ ಬಿತ್ತು. ಅತ್ತೆ ಒಂದು ಮಾತೂ ಆಡಲಿಲ್ಲ. ಆದರೆ ಆ ಗೊಂಬೆ ಅವರಿಗೆ ಅವರ ಅಮ್ಮ ಕೊಟ್ಟಿದ್ದು. ಆವತ್ತಿನಿಂದ ನಾನು ಅಂಟಿನ ವಿಷಯವನ್ನು ಗಂಭೀರವಾಗಿ ಕಲಿಯಲು ಶುರು ಮಾಡಿದೆ. ಬಡಗಿಗಳನ್ನು ಕೇಳಿದೆ, ಬುಕ್ ಬೈಂಡಿಂಗ್ ಮಾಡುವವರನ್ನು ಕೇಳಿದೆ, ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಓದಿದೆ. ಗೊಂಬೆ ಪೆಟ್ಟಿಗೆ ಇದನ್ನು ಕಲಿಯಲು ಒಳ್ಳೆಯ ಜಾಗ. ಯಾಕೆಂದರೆ ಅದರೊಳಗೆ ಮಣ್ಣು, ಮರ, ಕಾಗದ, ಬಟ್ಟೆ, ಗಾಜು, ಪ್ಲಾಸ್ಟಿಕ್, ಥರ್ಮೋಕೋಲ್ ಎಲ್ಲವೂ ಇರುತ್ತವೆ.

ಅಂಗಡಿಗೆ ಹೋಗಿ "ಒಳ್ಳೇ ಗಟ್ಟಿ ಅಂಟು ಕೊಡಿ" ಅಂತ ಕೇಳಬೇಡಿ. ಎಲ್ಲಕ್ಕೂ ಗಟ್ಟಿಯಾದ ಅಂಟು ಅಂತ ಒಂದಿಲ್ಲ. ಕೇಳಬೇಕಾದ ಪ್ರಶ್ನೆ, ಈ ಅಂಟು ಹೇಗೆ ಒಣಗುತ್ತದೆ? ಕೆಲವು ಅಂಟಿನಿಂದ ನೀರು ಹೋಗಬೇಕು. ಕೆಲವದರಿಂದ ಥಿನ್ನರ್ ಥರದ ದ್ರವ ಆರಬೇಕು. ಕೆಲವು ಗಾಳಿಯ ತೇವ ತಾಗಿ ಗಟ್ಟಿಯಾಗುತ್ತವೆ. ಕೆಲವು ಎರಡು ಟ್ಯೂಬು ಬೆರೆತಾಗ ತಾವೇ ಕಲ್ಲಾಗುತ್ತವೆ. ಇನ್ನು ಕೆಲವು ಕರಗಿ, ತಣ್ಣಗಾಗಿ, ಹಿಡಿದುಕೊಳ್ಳುತ್ತವೆ. ಇದು ಗೊತ್ತಾದರೆ ಯಾವುದು ಯಾವುದಕ್ಕೆ ಅಂತ ಅರ್ಧ ನಿಮಗೇ ಹೊಳೆಯುತ್ತದೆ. ಗಾಜಿಗೆ ಗಾಜು ಅಂಟಿಸಲು ಬಿಳಿ ಫೆವಿಕಾಲ್ ಹಾಕಿದರೆ ನೀರು ಎಲ್ಲಿಂದ ಹೋಗಬೇಕು ಹೇಳಿ? ಎರಡೂ ಕಡೆ ದಾರಿ ಮುಚ್ಚಿದೆ. ವಾರ ಬಿಟ್ಟು ನೋಡಿದರೂ ನಡುವೆ ಹಸಿಯಾಗಿಯೇ ಇರುತ್ತದೆ.

ಹಾಗಾಗಿ ಮೊದಲು ತುಂಡನ್ನು ಕೈಗೆ ತೆಗೆದುಕೊಂಡು ಮುರಿದ ಜಾಗಕ್ಕೆ ಒಂದು ಹನಿ ನೀರು ಇಟ್ಟು ನೋಡಿ (ಬಣ್ಣದ ಮೇಲೆ ಬೇಡ, ಒಳಭಾಗಕ್ಕೆ). ಹೀರಿಕೊಂಡರೆ ಅದು ಒಂದು ಜಾತಿ, ಹನಿ ಹಾಗೇ ನಿಂತರೆ ಇನ್ನೊಂದು ಜಾತಿ. ಹನಿ ಇಟ್ಟ ಜಾಗ ಪೂರ್ತಿ ಆರಿದ ಮೇಲೇ ಮುಂದಿನ ಕೆಲಸ. ಆಮೇಲೆ ಎರಡು ತುಂಡನ್ನೂ ಅಂಟಿಲ್ಲದೆ ಸುಮ್ನೆ ಜೋಡಿಸಿ ನೋಡಿ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂರುತ್ತದಾ, ಅಥವಾ ಪುಡಿ ಉದುರಿ ನಡುವೆ ಹಳ್ಳ ಬಿದ್ದಿದೆಯಾ? ಕೊನೆಗೆ, ಆ ತುಂಡಿನ ಮೇಲೆ ಭಾರ ಬೀಳುತ್ತದಾ, ಅದು ಬಾಗುತ್ತದಾ, ನೀರು ಬಿಸಿಲು ತಾಗುತ್ತದಾ? ಈ ಎರಡು ನಿಮಿಷದ ಪರೀಕ್ಷೆ ಮಾಡದೆ ಯಾವ ಟ್ಯೂಬಿನ ಮುಚ್ಚಳವನ್ನೂ ತೆಗೆಯಬೇಡಿ.

ಮರದಿಂದ ಶುರು ಮಾಡೋಣ, ಅದು ಸುಲಭ. ಪಟ್ಟದ ಗೊಂಬೆಯ ಕೈ ಕಳಚಿದ್ದರೆ, ಮರದ ಮೆಟ್ಟಿಲಿನ ಪಟ್ಟಿ ಎದ್ದಿದ್ದರೆ, ಬಿಳಿ ಅಂಟು ಸಾಕು. 1959ರಿಂದ ನಮ್ಮ ದೇಶದ ಬಡಗಿಗಳ ಕೈಯಲ್ಲಿರುವ ಫೆವಿಕಾಲ್ ಇದೇ. ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಆ ನೀರನ್ನು ಮರ ಕುಡಿಯುತ್ತದೆ, ಕಣಗಳು ಒಂದಕ್ಕೊಂದು ಸೇರಿ ಪದರವಾಗುತ್ತವೆ. ಮಕ್ಕಳ ಕ್ರಾಫ್ಟಿಗೆ ಸಿಗುವ ಬಾಟಲಿ ಎಂಆರ್, ಅದು ಕಾಗದ ರಟ್ಟಿಗೆ. ಮರಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಎಸ್‌ಎಚ್ ಅಂತ ಕೇಳಿ. ನೀರು ತಾಗುವ ಜಾಗವಾದರೆ ಮರೀನ್ ಅಂತ ಬೇರೆ ಬರುತ್ತದೆ, ಗೊಂಬೆಗೆ ಅದರ ಅಗತ್ಯ ಇಲ್ಲ.

ಇಲ್ಲಿ ಎರಡು ವಿಷಯ ಎಲ್ಲರೂ ಮರೆಯುತ್ತಾರೆ. ಒಂದು, ಹಿಂದೆ ಯಾರೋ ಅಂಟಿಸಿದ್ದ ಹಳೇ ಅಂಟು ಅಲ್ಲೇ ಇದ್ದರೆ ಹೊಸದು ಹಿಡಿಯುವುದಿಲ್ಲ. ಬಿಳಿ ಅಂಟು ಮರಕ್ಕೆ ಅಂಟುತ್ತದೆ, ಒಣಗಿದ ಬಿಳಿ ಅಂಟಿಗೆ ಅಂಟುವುದಿಲ್ಲ. ಬ್ಲೇಡಿನಿಂದ ಕೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಹೊಸ ಮರ ಕಾಣುವ ತನಕ ತೆಗೆಯಿರಿ. ಎರಡು, ಒತ್ತಡ. ತೆಳುವಾಗಿ ಎರಡೂ ಕಡೆ ಸವರಿ, ಜೋಡಿಸಿ, ಸ್ವಲ್ಪ ಹಿಂದೆ ಮುಂದೆ ಉಜ್ಜಿ, ಅಂಚಿನಲ್ಲಿ ಸಣ್ಣ ಮಣಿಗಳ ಹಾಗೆ ಅಂಟು ಹೊರಬಂದರೆ ಸರಿಯಾಗಿದೆ ಅಂತ ಅರ್ಥ. ಅದನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿ. ಆಮೇಲೆ ರಬ್ಬರ್ ಬ್ಯಾಂಡು, ಬಟ್ಟೆ ಒಣಗಿಸುವ ಕ್ಲಿಪ್ಪು, ಹೂ ಕಟ್ಟುವ ದಾರ, ಯಾವುದಾದರೂ ಒಂದರಿಂದ ಬಿಗಿಯಾಗಿ ಕಟ್ಟಿ 24 ಗಂಟೆ ಬಿಡಿ. ಭಾದ್ರಪದದ ಮಳೆ ಹಿಡಿದಿದ್ದರೆ ಇನ್ನೊಂದು ದಿನ ಸೇರಿಸಿ, ಯಾಕೆಂದರೆ ಗಾಳಿಯಲ್ಲೇ ತೇವ ಇರುವಾಗ ನೀರು ಬೇಗ ಹೋಗುವುದಿಲ್ಲ.

ಚನ್ನಪಟ್ಟಣದ ಗೊಂಬೆಯಾದರೆ ಸ್ವಲ್ಪ ಬೇರೆ. ಒಳಗೆ ಆಲೆ ಮರ, ಮೇಲೆ ಅರಗಿನ ಬಣ್ಣ. ಅರಗಿನ ನುಣುಪು ಪದರದ ಮೇಲೆ ಬಿಳಿ ಅಂಟು ನಿಲ್ಲುವುದಿಲ್ಲ, ಹಾಗಾಗಿ ಜೋಡಿಸುವ ಜಾಗದಲ್ಲಿ ಮಾತ್ರ ಬಣ್ಣ ಕೆರೆದು ಮರ ತೋರಿಸಬೇಕು. ಒರೆಸಲು ಸ್ಪಿರಿಟ್ ಬಳಸಲೇಬೇಡಿ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಹೊಳಪು ಹೋಗಿ ಕಲೆ ಉಳಿಯುತ್ತದೆ. ಬಿಸಿ ಗ್ಲೂ ಗನ್ ಕೂಡ ಅದರ ಹತ್ತಿರ ಬೇಡ. ಕಾಯಿಸಿದ ಅರಗನ್ನೇ ಅಲ್ವಾ ಅದಕ್ಕೆ ಹಚ್ಚಿರುವುದು, ಬಿಸಿ ತಾಗಿದರೆ ಮತ್ತೆ ಮೆತ್ತಗಾಗುತ್ತದೆ.

ಈಗ ಸೂಪರ್ ಗ್ಲೂ, ಅಂದರೆ ನಾವೆಲ್ಲ ಫೆವಿಕ್ವಿಕ್ ಅಂತ ಕರೆಯುವ ಜಾತಿ. ಇದರ ಬಗ್ಗೆ ಜಾಸ್ತಿ ಹೇಳಬೇಕು, ಯಾಕೆಂದರೆ ಜಾಸ್ತಿ ತಪ್ಪು ಆಗುವುದು ಇದರಲ್ಲೇ. ಇದರ ಹೆಸರು ಸಯನೋಅಕ್ರಿಲೇಟ್. 1942ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಮತ್ತು ಸಂಗಡಿಗರು ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಇದು ಕೈಗೆ ಸಿಕ್ಕಿತು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಅಂತ ಪಕ್ಕಕ್ಕಿಟ್ಟರು. ಅಂಗಡಿಗೆ ಅಂಟಾಗಿ ಬಂದಿದ್ದು 1958ರಲ್ಲಿ. ಯಾವುದೇ ವಸ್ತುವಿನ ಮೇಲೂ ಕಣ್ಣಿಗೆ ಕಾಣದಷ್ಟು ತೇವದ ಪದರ ಇರುತ್ತದೆ. ಆ ತೇವ ತಾಗಿದ ಕ್ಷಣ ಇದು ಸರಪಳಿಯ ಹಾಗೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ನಮ್ಮ ಬೆರಳಲ್ಲಿ ಬೆವರು ಇರುವುದರಿಂದಲೇ ಬೆರಳು ಅಷ್ಟು ಬೇಗ ಅಂಟುವುದು.

ಇದು ಹೀಗೆ ಗಟ್ಟಿಯಾಗುವುದರಿಂದ ಪದರ ತೆಳುವಾಗಿದ್ದಷ್ಟೂ ಬಿಗಿ. ದಪ್ಪ ಹಾಕಿದರೆ ಒಳಗಿನ ಭಾಗಕ್ಕೆ ತೇವ ತಲುಪುವುದಿಲ್ಲ. ಒಂದು ಹನಿ ಸಾಕು. ಪಿಂಗಾಣಿ ಬಸವನ ಕಿವಿ, ಗಟ್ಟಿ ಪ್ಲಾಸ್ಟಿಕ್ಕಿನ ಸೈನಿಕನ ಕತ್ತಿ, ಲೋಹದ ಸಣ್ಣ ಗಂಟೆ, ಹೀಗೆ ಮುರಿದ ಅಂಚು ಸರಿಯಾಗಿ ಕೂರುವ, ಚಿಕ್ಕ, ಗಟ್ಟಿ ವಸ್ತುಗಳಿಗೆ ಇದು ತುಂಬಾ ಒಳ್ಳೆಯದು. ಹನಿ ಹಾಕಿ, ಒತ್ತಿ, ಅರ್ಧ ನಿಮಿಷ ಅಲುಗಾಡಿಸದೆ ಹಿಡಿಯಿರಿ, ಆಮೇಲೆ ರಾತ್ರಿಯೆಲ್ಲ ಮುಟ್ಟಬೇಡಿ. ಮುಟ್ಟಿದರೆ ಗಟ್ಟಿ ಅನ್ನಿಸಿದರೂ ಪೂರ್ತಿ ಬಲ ಬರಲು ಒಂದು ದಿನ ಹಿಡಿಯುತ್ತದೆ.

ಆದರೆ ಒಣಗಿದ ಮೇಲೆ ಇದು ಗಾಜಿನ ಹಾಗೆ ಪೆಡಸು. ಎಳೆದರೆ ತಡೆಯುತ್ತದೆ, ಪಕ್ಕದಿಂದ ಒಂದು ಏಟು ಬಿದ್ದರೆ ಟಕ್ ಅಂತ ಬಿಡುತ್ತದೆ. ಬಾಗುವ ವಸ್ತುವಿಗೆ ಆಗುವುದಿಲ್ಲ. ಸಂದು ತುಂಬಲು ಆಗುವುದಿಲ್ಲ. ಸುಡದ ಮಣ್ಣು, ಟೆರಾಕೋಟಾ ಇದನ್ನು ಹೀರಿ ಖಾಲಿ ಮಾಡುತ್ತವೆ. ಥರ್ಮೋಕೋಲನ್ನು ಇದು ತಿಂದುಹಾಕುತ್ತದೆ. ಗಟ್ಟಿಯಾಗುವಾಗ ಏಳುವ ಆವಿ ಸುತ್ತಮುತ್ತ ಕೂತು ಬಿಳಿಚಿಕೊಳ್ಳುತ್ತದೆ, ನಮ್ಮ ಸರಸ್ವತಿಯ ಜಡೆಗೆ ಆಗಿದ್ದು ಅದೇ. ಅದನ್ನು ತಡೆಯಬೇಕೆಂದರೆ ಕಡಿಮೆ ಹಾಕಬೇಕು, ಗಾಳಿಯಾಡುವ ಕಡೆ ಇಟ್ಟು ಒಣಗಿಸಬೇಕು, ಮುಚ್ಚಿದ ಡಬ್ಬಿಯೊಳಗೆ ಇಡಬಾರದು.

ಎಚ್ಚರಿಕೆಯ ಮಾತು. ಸೂಪರ್ ಗ್ಲೂ ಹತ್ತಿಗೆ ಬಿದ್ದರೆ ವಿಪರೀತ ಬಿಸಿಯಾಗುತ್ತದೆ, ಹೊಗೆ ಕೂಡ ಬರಬಹುದು, ಚರ್ಮ ಸುಡುತ್ತದೆ. ಹಾಗಾಗಿ ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬೇಡಿ, ಹತ್ತಿ ಕೈಗವಸು ಹಾಕಬೇಡಿ, ಬೊಂಬೆಯ ಹತ್ತಿ ಸೀರೆಗೂ ಇದು ಬೇಡ. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಚರ್ಮ ಕಿತ್ತುಬರುತ್ತದೆ. ಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ ನಿಧಾನವಾಗಿ ಉರುಳಿಸಿದ ಹಾಗೆ ಬಿಡಿಸಿ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಬೇಗ ಕರಗಿಸುತ್ತದೆ, ಆದರೆ ಕಣ್ಣು ತುಟಿಯ ಹತ್ತಿರ ತರಬಾರದು, ಪ್ಲಾಸ್ಟಿಕ್ ಮತ್ತು ಬಣ್ಣದ ಮೇಲೂ ಹಾಕಬಾರದು. ಕಣ್ಣಿಗೆ ಹೋದರೆ ರೆಪ್ಪೆ ಬಿಡಿಸುವ ಪ್ರಯತ್ನ ಮನೆಯಲ್ಲಿ ಮಾಡಬೇಡಿ, ನೀರಿನಿಂದ ತೊಳೆಯುತ್ತಾ ನೇರ ಡಾಕ್ಟರ ಹತ್ತಿರ ಹೋಗಿ. ಟ್ಯೂಬಿನ ಬಾಯಿ ಕಟ್ಟಿಕೊಂಡಿದೆ ಅಂತ ಹಲ್ಲಿನಿಂದ ಕಚ್ಚುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಸೂಜಿ ಚುಚ್ಚುವಾಗಲೂ ಟ್ಯೂಬಿನ ಮುಖ ನಿಮ್ಮ ಕಡೆ ಇರಬಾರದು.

ಒಂದು ಉಪಾಯ ಮಾತ್ರ ಹೇಳಿಬಿಡುತ್ತೇನೆ. ಸಣ್ಣ ಹಳ್ಳ ಇದ್ದರೆ ಅದಕ್ಕೆ ಚಿಟಿಕೆ ಅಡುಗೆ ಸೋಡಾ ಉದುರಿಸಿ ಮೇಲೊಂದು ಹನಿ ಸೂಪರ್ ಗ್ಲೂ ಬಿಟ್ಟರೆ ಆ ಕ್ಷಣವೇ ಕಲ್ಲಾಗುತ್ತದೆ, ಉಜ್ಜಿ ಬಣ್ಣ ಹಚ್ಚಬಹುದು. ಆವಿ ಏಳುತ್ತದೆ, ಮುಖ ದೂರ ಇರಲಿ. ಸಾಸಿವೆ ಕಾಳಿನಷ್ಟು ಜಾಗಕ್ಕೆ ಸರಿ, ಅದಕ್ಕಿಂತ ದೊಡ್ಡದಕ್ಕೆ ಬೇಡ.

ಮಣ್ಣಿನ ಗೊಂಬೆಗೆ ಬರೋಣ. ನನ್ನ ಮನಸ್ಸು ಇರುವುದು ಇಲ್ಲೇ. ಮಣ್ಣಿನದಕ್ಕೆ ನಾನು ಬಳಸುವುದು ಎಪಾಕ್ಸಿ, ಅಂದರೆ ಅರಾಲ್ಡೈಟ್ ಥರದ್ದು. ಎರಡು ಟ್ಯೂಬು, ಒಂದು ರೆಸಿನ್, ಇನ್ನೊಂದು ಹಾರ್ಡನರ್. ಇದರಲ್ಲಿ ಏನೂ ಆರಿ ಹೋಗಬೇಕಾಗಿಲ್ಲ. ಬೆರೆತ ಎರಡೂ ಸೇರಿ ಒಂದೇ ಗಟ್ಟಿ ವಸ್ತುವಾಗುತ್ತವೆ. ಹಾಗಾಗಿ ಕುಗ್ಗುವುದು ತುಂಬಾ ಕಡಿಮೆ, ಸಂದು ಇದ್ದರೂ ತುಂಬಿಕೊಳ್ಳುತ್ತದೆ, ಹೀರುವ ಮಣ್ಣಿಗೂ ಹೀರದ ಲೋಹಕ್ಕೂ ಹಿಡಿಯುತ್ತದೆ. 5 ನಿಮಿಷದಲ್ಲಿ ಹಿಡಿಯುವುದೂ ಸಿಗುತ್ತದೆ, ನಿಧಾನವಾಗಿ ಹಿಡಿಯುವುದೂ ಸಿಗುತ್ತದೆ. ಗೊಂಬೆಗೆ ನಿಧಾನದ್ದನ್ನೇ ತನ್ನಿ. ತುಂಡು ಸರಿಯಾಗಿ ಕೂತಿದೆಯಾ ಅಂತ ಎರಡು ಮೂರು ಸಲ ತಿರುಗಿಸಿ ನೋಡಲು ಸಮಯ ಸಿಗುತ್ತದೆ, ಬಲವೂ ಜಾಸ್ತಿ.

ಮೊದಲ ಕೆಲಸ ಧೂಳು ತೆಗೆಯುವುದು. ಒಣ ಬ್ರಷ್ಷಿನಿಂದ ಮಾತ್ರ. ಹಳೇ ಮಣ್ಣಿನ ಗೊಂಬೆಯನ್ನು ತೊಳೆಯಬೇಡಿ, ಒದ್ದೆ ಬಟ್ಟೆಯಲ್ಲೂ ಒರೆಸಬೇಡಿ. ಎಷ್ಟೋ ಗೊಂಬೆಗಳಿಗೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿರುತ್ತಾರೆ, ಕೆಲವು ಸುಟ್ಟ ಮಣ್ಣೂ ಆಗಿರುವುದಿಲ್ಲ. ಆಮೇಲೆ ತುಂಡುಗಳನ್ನು ಒಂದು ಬಿಳಿ ಟವೆಲ್ ಮೇಲೆ ಹರಡಿ, ಯಾವುದರ ಮೇಲೆ ಯಾವುದು ಬರುತ್ತದೆ ಅಂತ ಅಂಟಿಲ್ಲದೆ ಜೋಡಿಸಿ ನೋಡಿ. ಮೂರು ನಾಲ್ಕು ತುಂಡಾಗಿದ್ದರೆ ಕ್ರಮ ಮುಖ್ಯ. ತಪ್ಪು ಕ್ರಮದಲ್ಲಿ ಅಂಟಿಸಿದರೆ ಕೊನೆಯ ತುಂಡಿಗೆ ಒಳಗೆ ಹೋಗಲು ಜಾಗವೇ ಇರುವುದಿಲ್ಲ. ಪೆನ್ಸಿಲಿನಲ್ಲಿ ಮರೆಯ ಕಡೆ 1, 2, 3 ಅಂತ ಬರೆದುಕೊಳ್ಳಿ. ಬೇಕಿದ್ದರೆ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಬೆರೆಸಲು ಹಳೇ ಟೈಲ್ಸ್ ಚೂರು ಅಥವಾ ಪ್ಲಾಸ್ಟಿಕ್ ಮುಚ್ಚಳ ಸಾಕು, ಜೊತೆಗೆ ಐಸ್‌ಕ್ರೀಂ ಕಡ್ಡಿ. ಅಡುಗೆಮನೆಗೆ ವಾಪಸ್ ಹೋಗುವ ತಟ್ಟೆ ಬೇಡ. ಎರಡೂ ಟ್ಯೂಬಿನಿಂದ ಒಂದೇ ಉದ್ದದ ಗೆರೆ ಹಿಂಡಿ. ಪೊಟ್ಟಣದ ಮೇಲೆ ಬೇರೆ ಅಳತೆ ಹೇಳಿದ್ದರೆ ಅದನ್ನೇ ಅನುಸರಿಸಿ. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅಂತ ಹೇಳುವವರಿದ್ದಾರೆ, ಅದು ತಪ್ಪು. ಜೊತೆ ಸಿಗದೆ ಉಳಿದ ಹಾರ್ಡನರ್ ಒಳಗೇ ಇದ್ದುಬಿಡುತ್ತದೆ, ಅಂಟು ರಬ್ಬರಿನ ಹಾಗೆ ಮೆತ್ತಗೆ ಉಳಿಯುತ್ತದೆ, ವರ್ಷ ಕಳೆದರೂ ಗಟ್ಟಿಯಾಗುವುದಿಲ್ಲ. ಎರಡು ನಿಮಿಷ ಪೂರ್ತಿ ಕಲಸಿ, ಅಂಚಿನದನ್ನೂ ಕೆರೆದು ಒಳಗೆ ತನ್ನಿ, ಗೆರೆ ಗೆರೆ ಕಾಣದೆ ಒಂದೇ ಬಣ್ಣ ಬರಬೇಕು.

ಟೂತ್‌ಪಿಕ್ಕಿನಿಂದ ತೆಳುವಾಗಿ ಹಚ್ಚಿ. ಅಂಚಿನ ತನಕ ಹಚ್ಚಬೇಡಿ, ಸ್ವಲ್ಪ ಒಳಗೇ ನಿಲ್ಲಿಸಿ, ಒತ್ತಿದಾಗ ಅದು ತಾನೇ ಅಂಚಿಗೆ ಬರುತ್ತದೆ. ಜೋಡಿಸಿದ ಮೇಲೆ ಹಿಡಿದುಕೊಂಡು ಕೂರಲು ಆಗುವುದಿಲ್ಲ ಅಲ್ವಾ, ಅದಕ್ಕೆ ನನ್ನ ಹತ್ತಿರ ಒಂದು ಬೇಸಿನ್ ತುಂಬ ಒಣ ಮರಳಿದೆ. ಗೊಂಬೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮರಳಿನಲ್ಲಿ ಹೂತು, ಮುರಿದ ಜಾಗ ಮೇಲೆ ಬರುವ ಹಾಗೆ, ಅಂಟಿಸಿದ ತುಂಡು ತನ್ನ ಭಾರಕ್ಕೇ ನೇರ ಕೆಳಗೆ ಕೂರುವ ಹಾಗೆ ಓರೆ ಮಾಡಿ ನಿಲ್ಲಿಸುತ್ತೇನೆ. ಭೂಮಿಯೇ ಎಳೆದು ಹಿಡಿಯುತ್ತದೆ, ಬೇರೆ ಕ್ಲಾಂಪ್ ಬೇಕಾಗಿಲ್ಲ. ಪಕ್ಕಕ್ಕೆ ಜಾರುವ ಹಾಗಿದ್ದರೆ ಮಾಸ್ಕಿಂಗ್ ಟೇಪಿನ ಸಣ್ಣ ಪಟ್ಟಿ ಹಾಕಬಹುದು, ಆದರೆ ಬಣ್ಣ ಸಡಿಲವಾಗಿರುವ ಗೊಂಬೆಗೆ ಟೇಪು ಬೇಡ, ತೆಗೆಯುವಾಗ ಬಣ್ಣವೂ ಬರುತ್ತದೆ.

ಹೊರಬಂದ ಅಂಟನ್ನು ಆಗಲೇ ಒರೆಸಲು ಹೋದರೆ ಬಣ್ಣದ ಮೇಲೆಲ್ಲ ಹರಡುತ್ತದೆ. ಕಾಯಿರಿ. ಒಂದು ಹಂತದಲ್ಲಿ ಅದು ಗಟ್ಟಿ ಬೆಲ್ಲದ ಪಾಕದ ಹಾಗೆ, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ ಆದರೆ ಅಂಟದಷ್ಟು ಗಟ್ಟಿಯಾಗುತ್ತದೆ. ಆಗ ಬ್ಲೇಡಿನ ಮೂಲೆಯಿಂದ ಸಿಪ್ಪೆಯ ಹಾಗೆ ತೆಗೆಯಬಹುದು. ಆ ಹೊತ್ತು ಯಾವಾಗ ಬಂತು ಅಂತ ಗೊಂಬೆಯನ್ನು ಮುಟ್ಟಿ ನೋಡಬೇಡಿ, ಟೈಲ್ಸ್ ಚೂರಿನ ಮೇಲೆ ಉಳಿದಿರುವ ಅಂಟನ್ನು ಮುಟ್ಟಿ ನೋಡಿ. ಅದೇ ನಿಮ್ಮ ಗಡಿಯಾರ. ಆ ಚೂರನ್ನು ಗೊಂಬೆಯ ಪಕ್ಕದಲ್ಲೇ ಇಟ್ಟಿರಿ, ಮರುದಿನ ಅದು ಗಟ್ಟಿಯಾಗಿದ್ದರೆ ಗೊಂಬೆಯದೂ ಗಟ್ಟಿಯಾಗಿರುತ್ತದೆ. 24 ಗಂಟೆ ಮುಗಿಯುವ ಮೊದಲು ಎತ್ತಬೇಡಿ.

ಚಾಚಿದ ಕೈ, ಆನೆಯ ಸೊಂಡಿಲು, ಹೀಗೆ ಭಾರ ತೂಗುವ ತುಂಡಿಗೆ ಅಂಟು ಒಂದರ ಮೇಲೇ ಭಾರ ಹಾಕಬೇಡಿ. ಎರಡೂ ಕಡೆ ಸಣ್ಣ ತೂತು ಮಾಡಿ ಒಳಗೊಂದು ಕಡ್ಡಿ ಕೂರಿಸಿ. ಹಗುರವಾದದ್ದಕ್ಕೆ ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿ ಸಾಕು. ಅದನ್ನು ಚೆನ್ನಾಗಿ ಕೆರೆದುಕೊಳ್ಳಿ. ಭಾರದ್ದಕ್ಕೆ ಹಿತ್ತಾಳೆ ತಂತಿ, ಅದನ್ನು ಉಪ್ಪುಕಾಗದದಲ್ಲಿ ಉಜ್ಜಿ ಒರಟು ಮಾಡಿ. ತೂತು ಮಾಡುವಾಗ ಮಿಷನ್ ಬೇಡ, ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್ ಬಿಟ್ ಸಾಕು, ಮಣ್ಣು ಮೆತ್ತಗಿರುತ್ತದೆ. ತುಂಡೇ ಕಳೆದುಹೋಗಿದ್ದರೆ, ಪುಡಿಯಾಗಿದ್ದರೆ, ಎಂ-ಸೀಲ್. ಅದೂ ಎಪಾಕ್ಸಿಯೇ, ಕಣಕದ ಹಾಗೆ ಕಲಸುವ ರೂಪದಲ್ಲಿರುತ್ತದೆ. ಎರಡು ತುಂಡನ್ನು ಸಮ ಕಿತ್ತುಕೊಂಡು ಒಂದೇ ಬಣ್ಣ ಬರುವ ತನಕ ನಾದಿ, ಬೆರಳು ತುಸು ಒದ್ದೆ ಮಾಡಿಕೊಂಡು ಆಕಾರ ಕೊಡಿ. ಗಟ್ಟಿಯಾದ ಮೇಲೆ ಉಜ್ಜಿ ಅಕ್ರಿಲಿಕ್ ಬಣ್ಣ ಹಚ್ಚಿದರೆ ಹತ್ತಿರದಿಂದ ನೋಡಿದರೂ ಸುಲಭಕ್ಕೆ ಗೊತ್ತಾಗುವುದಿಲ್ಲ. ಎರಡಕ್ಕೂ ಕೈಗೆ ಗ್ಲೌಸ್ ಹಾಕಿ. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಕೆಲವರಿಗೆ ಅಲರ್ಜಿ ಹುಟ್ಟುತ್ತದೆ, ಒಮ್ಮೆ ಹುಟ್ಟಿದರೆ ಆಮೇಲೆ ಸ್ವಲ್ಪ ತಾಗಿದರೂ ಕೆರೆತ ಶುರುವಾಗುತ್ತದೆ.

ಎಪಾಕ್ಸಿಯ ಒಂದು ದೋಷ ಹೇಳಲೇಬೇಕು. ಬಿಸಿಲಿಗೆ ಹಳದಿಯಾಗುತ್ತದೆ, ಮತ್ತು ಒಮ್ಮೆ ಅಂಟಿದರೆ ಬಿಡಿಸುವುದು ಬಹಳ ಕಷ್ಟ. ಮ್ಯೂಸಿಯಮ್ಮಿನಲ್ಲಿ ಹಳೇ ವಸ್ತು ಸರಿಮಾಡುವವರು ಆದಷ್ಟೂ ಮತ್ತೆ ಕರಗಿಸಿ ತೆಗೆಯಬಹುದಾದ ಅಂಟನ್ನು ಆರಿಸುತ್ತಾರೆ. ಮುಂದೆ ಇನ್ನೊಬ್ಬರು ಇನ್ನೂ ಚೆನ್ನಾಗಿ ಮಾಡಲಿ ಅಂತ. ಹಾಗಾಗಿ ನಿಮ್ಮ ಮನೆಯಲ್ಲಿ ನೂರು ವರ್ಷದ ಗೊಂಬೆಯೋ, ಚಿನ್ನದ ರೇಕಿನ ಹಳೇ ಮೈಸೂರು ಚಿತ್ರವೋ ಇದ್ದರೆ ಅದಕ್ಕೆ ಮನೆಯಲ್ಲಿ ಯಾವ ಅಂಟೂ ಹಚ್ಚಬೇಡಿ. ತುಂಡುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಟ್ಟು ತಿಳಿದವರಿಗೆ ತೋರಿಸಿ.

ಕಾಗದ ಅರೆದು ಮಾಡಿದ ಹಗುರ ಗೊಂಬೆಗಳಿಗೆ ಎಪಾಕ್ಸಿ ಬೇಡ, ಬಿಳಿ ಅಂಟೇ ಸಾಕು. ಹರಿದ ಜಾಗಕ್ಕೆ ಒಳಗಿನಿಂದ ತೆಳು ಕಾಗದದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ. ಅಥವಾ ಮೈದಾ ಅಂಟು ಕಾಯಿಸಿಕೊಳ್ಳಿ. ಒಂದು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಐದಾರು ಚಮಚ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುಗಿಸಿ, ಪಾರದರ್ಶಕವಾಗಿ ಮಂದವಾದಾಗ ಇಳಿಸಿ. ಬುಕ್ ಬೈಂಡಿಂಗಿನವರು ಹುಳ ಬೀಳದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ, ಬೇಕಾದಷ್ಟೇ ಮಾಡಿಕೊಂಡು ಅವತ್ತೇ ಮುಗಿಸಿ. ಅಂಟು ಅಂದರೆ ಟ್ಯೂಬಿನಲ್ಲೇ ಬರಬೇಕು ಅಂತೇನಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ನೋಡಿ, ಮರದ ಭಾಗಗಳನ್ನು ಜೋಡಿಸಲು ಅಲ್ಲಿನ ಕುಶಲಕರ್ಮಿಗಳು ಹುಣಸೆ ಬೀಜದ ಅಂಟು ಬಳಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನ ಜೊತೆ ಕಲಸಿ ಕಿಟ್ಟ ಮಾಡುತ್ತಾರೆ. ನಾವು ಎಂ-ಸೀಲಿನಲ್ಲಿ ಮಾಡುವ ಕೆಲಸವನ್ನು ಅವರ ಕೈಯಲ್ಲಿ ಕಿಟ್ಟ ಮಾಡುತ್ತದೆ.

ಪಾರ್ಕು, ಬೆಟ್ಟ, ಹಳ್ಳಿ ಮಾಡುವ ಮಕ್ಕಳಿಗೆ ಗ್ಲೂ ಗನ್ ಅಂದರೆ ಪ್ರಾಣ. ಬೇಗ ಆಗುತ್ತದೆ ಅನ್ನುವುದೊಂದೇ ಅದರ ದೊಡ್ಡ ಗುಣ. ಸಣ್ಣ ಗನ್ನಿಗೆ 7 ಮಿಲಿಮೀಟರ್ ಕಡ್ಡಿ, ದೊಡ್ಡದಕ್ಕೆ 11, ಕೊಳ್ಳುವಾಗ ನೋಡಿ ಕೊಳ್ಳಿ. ಥರ್ಮೋಕೋಲಿಗೆ ಬಿಸಿ ಗ್ಲೂ ನೇರ ಬಿಟ್ಟರೆ ಹೊಂಡ ಬೀಳುತ್ತದೆ. ಅಂಟನ್ನು ಇನ್ನೊಂದು ವಸ್ತುವಿಗೆ ಹಚ್ಚಿ, ಒಂದೆರಡು ಕ್ಷಣ ಬಿಟ್ಟು, ಆಮೇಲೆ ಥರ್ಮೋಕೋಲಿಗೆ ಒತ್ತಿ. ಗಾಜು, ಸ್ಟೀಲು ಥರದ ನುಣುಪಾದ, ತಣ್ಣನೆಯ ವಸ್ತುವಿನ ಮೇಲೆ ಇದು ಸರಿಯಾಗಿ ಹಿಡಿಯುವ ಮೊದಲೇ ತಣ್ಣಗಾಗಿ ಸಿಪ್ಪೆಯ ಹಾಗೆ ಏಳುತ್ತದೆ. ಬಿಸಿಯಾಗುವ ದೀಪದ ಹತ್ತಿರ, ಬಿಸಿಲು ಬೀಳುವ ಕಿಟಕಿಯ ಹತ್ತಿರ ಮೆತ್ತಗಾಗಿ ಬಿಡುತ್ತದೆ. ಹಬ್ಬ ಮುಗಿದ ಮೇಲೆ ತೆಗೆಯಬೇಕೆಂದರೆ ಅಂಚಿಗೆ ಎರಡು ಹನಿ ಸ್ಪಿರಿಟ್ ಬಿಟ್ಟು ಅರ್ಧ ನಿಮಿಷ ಕಾದರೆ ಪೂರ್ತಿ ಎದ್ದುಬರುತ್ತದೆ, ಕೀಳಬೇಕಾಗಿಲ್ಲ. ಅದಕ್ಕೇ ತಾತ್ಕಾಲಿಕ ಅಲಂಕಾರಕ್ಕೆ ಇದು ನನಗೆ ಇಷ್ಟ. ಮಕ್ಕಳ ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರಬೇಕು, ತುದಿಯ ಬಿಸಿಗೆ ಬೊಬ್ಬೆ ಬರುತ್ತದೆ.

ಮೆಟ್ಟಿಲಿಗೆ ರೆಕ್ಸಿನ್ ಹೊದಿಸಲು, ಚರ್ಮ, ರಬ್ಬರಿಗೆ ಎಸ್‌ಆರ್ 998, ಫೆವಿಬಾಂಡ್ ಥರದ ರಬ್ಬರ್ ಅಂಟು. ಇದನ್ನು ಹಸಿಯಾಗಿರುವಾಗ ಅಂಟಿಸಬಾರದು. ಎರಡೂ ಕಡೆ ತೆಳುವಾಗಿ ಸವರಿ, 10ರಿಂದ 15 ನಿಮಿಷ ಬಿಟ್ಟು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಜೋರಾಗಿ ಒತ್ತಬೇಕು. ಮುಟ್ಟಿದ ಕೂಡಲೇ ಹಿಡಿಯುತ್ತದೆ, ಸರಿಸಲು ಆಗುವುದಿಲ್ಲ. ಅದಕ್ಕೆ ನಡುವೆ ಒಂದು ಬಟರ್ ಪೇಪರ್ ಇಟ್ಟು, ಒಂದು ತುದಿ ಸರಿಯಾಗಿ ಕೂರಿಸಿಕೊಂಡು, ಕಾಗದವನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಒತ್ತುತ್ತಾ ಬನ್ನಿ. ವಾಸನೆ ತಲೆ ಸುತ್ತಿಸುತ್ತದೆ, ಬೇಗ ಬೆಂಕಿ ಹತ್ತುತ್ತದೆ. ಕಿಟಕಿ ತೆಗೆದಿಡಿ, ದೀಪ ಊದುಬತ್ತಿ ಹತ್ತಿರ ಇರಬಾರದು, ಮಕ್ಕಳ ಕೈಗೆ ಖಂಡಿತ ಬೇಡ. ಥರ್ಮೋಕೋಲಿಗೂ ಬೇಡ, ಕರಗಿಹೋಗುತ್ತದೆ.

ಗೊಂಬೆಯ ಒಡವೆ, ಕುಂದನ್ ಕಲ್ಲು, ಮಣಿ, ಇವುಗಳಿಗೆ ಸೂಪರ್ ಗ್ಲೂ ಹಾಕಿ ಹೊಳಪು ಕಳೆದುಕೊಂಡವರು ತುಂಬಾ ಜನ. ಅದರ ಆವಿ ಕಲ್ಲನ್ನು ಮಂಕು ಮಾಡುತ್ತದೆ. ಸೂಜಿ ಬಾಯಿಯ ಬಿ-7000 ಥರದ ಪಾರದರ್ಶಕ ಅಂಟು ತನ್ನಿ. ಒಣಗಿದ ಮೇಲೂ ಸ್ವಲ್ಪ ಬಾಗುತ್ತದೆ, ಆದರೆ 24ರಿಂದ 48 ಗಂಟೆ ಕೊಡಬೇಕು. ಬಟ್ಟೆಗೆ ಜರಿ, ಲೇಸು ಅಂಟಿಸಲು ಫ್ಯಾಬ್ರಿಕ್ ಗ್ಲೂ. ಟೆರಾಕೋಟಾ ಓಲೆಗೆ ಹಿಂದಿನ ಕಡ್ಡಿ ಕೂರಿಸುವವರು ಲೋಹದ ತಟ್ಟೆಯನ್ನು ಉಪ್ಪುಕಾಗದದಲ್ಲಿ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಎಪಾಕ್ಸಿ ಹಾಕಿ. ನುಣುಪು ಲೋಹದ ಮೇಲೆ ಬೆರಳಿನ ಎಣ್ಣೆ ಇದ್ದರೆ ಯಾವ ಅಂಟೂ ನಿಲ್ಲುವುದಿಲ್ಲ.

ಇನ್ನು ಕಾಲದ ಲೆಕ್ಕ. ಪಾಡ್ಯದ ದಿನ ಗೊಂಬೆ ಕೂರಬೇಕು. ಮುರಿದದ್ದು ಅಂಟಿಸಲು ಒಂದು ದಿನ, ಒಣಗಲು ಒಂದು ದಿನ, ತುಂಬಿ ಉಜ್ಜಲು ಒಂದು ದಿನ, ಬಣ್ಣಕ್ಕೆ ಇನ್ನೊಂದು ದಿನ. ಒಂದೇ ಗೊಂಬೆಗೆ ಮೂರು ತುಂಡಿದ್ದರೆ ಒಂದೊಂದಕ್ಕೂ ಬೇರೆ ದಿನ. ಎಷ್ಟೋ ಮನೆಗಳಲ್ಲಿ ಪಿತೃಪಕ್ಷದಲ್ಲಿ ಪೆಟ್ಟಿಗೆ ಮುಟ್ಟುವುದಿಲ್ಲ, ಅಮಾವಾಸ್ಯೆಗೆ ತೆಗೆದರೆ ಒಂದೇ ರಾತ್ರಿ ಉಳಿದಿರುತ್ತದೆ. ಅದಕ್ಕೇ ನಾವು ಗಣಪತಿ ಹಬ್ಬ ಆದ ಕೂಡಲೇ ಇಳಿಸುವುದು.

ಆ ಸರಸ್ವತಿಯ ವೀಣೆಯನ್ನು ಮರುವರ್ಷ ಹಳೇ ಅಂಟು ಕೆರೆದು, ಬಿದಿರು ಕಡ್ಡಿ ಕೂರಿಸಿ, ನಿಧಾನದ ಎಪಾಕ್ಸಿಯಲ್ಲಿ ಜೋಡಿಸಿದೆ. ಜಡೆಗೆ ಅತ್ತೆಯವರೇ ಕಪ್ಪು ಬಣ್ಣ ತೀಡಿದರು. ಅದಾಗಿ 11 ನವರಾತ್ರಿ ಕಳೆದಿದೆ, ವೀಣೆ ಹಾಗೇ ಇದೆ. ಈ ಸಲ ಮರಳಿನ ಬೇಸಿನ್ನಿನಲ್ಲಿ ತಲೆಕೆಳಗಾಗಿ ನಿಂತಿರುವುದು ಶೆಟ್ಟಮ್ಮ. ಅವಳ ಬಲಗಾಲು ನಾಳೆ ಬೆಳಗ್ಗೆಗೆ ಗಟ್ಟಿಯಾಗುತ್ತದೆ.